ಲಂಬಾ ದಾಹಿನೆ, ಛೋಟಾ ಬಾಯೆ

ಆಗಸ್ಟ್ ಹತ್ತಿರ ಬಂತೆಂದರೆ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಶಾಲೆಗಳಲ್ಲಿ ಒಂದೇ ಪ್ರಶ್ನೆ: “ಪರೇಡಿಗೆ ಯಾರ್ಯಾರು ಬರ್ತೀರಿ?” ಇಡೀ ತರಗತಿ ಕೈ ಎತ್ತುತ್ತದೆ. ದೇಶಭಕ್ತಿ ಉಕ್ಕಿತೆಂದು ಪಿ.ಟಿ. ಸರ್ ಹಿಗ್ಗಬೇಕಾಗಿಲ್ಲ. ಹೆಸರು ಕೊಟ್ಟವರಿಗೆ ಕೊನೆಯ ಎರಡು ಪಿರಿಯಡ್ ಮಾಫಿ. ಅದರಲ್ಲಿ ಒಂದು ಗಣಿತದ್ದು.

ಸ್ವಯಂಸೇವೆಗೆ ಮನಸ್ಸೊಂದಿದ್ದರೆ ಸಾಕು ಅನ್ನುವವರು ಕವಾಯತಿ ಕಂಡವರಲ್ಲ. ಇಲ್ಲಿ ಎತ್ತರ ಬೇಕು, ಬಿಳಿ ಕ್ಯಾನ್ವಾಸ್ ಶೂ ಬೇಕು. “ಲಂಬಾ ದಾಹಿನೆ, ಛೋಟಾ ಬಾಯೆ” (ಉದ್ದನೆಯವ ಬಲಕ್ಕೆ, ಗಿಡ್ಡನೆಯವ ಎಡಕ್ಕೆ) ಅಂದ ಕೂಡಲೇ ಭವಿಷ್ಯ ತೀರ್ಮಾನವಾಗುತ್ತದೆ. ಉದ್ದನೆಯವನಿಗೆ ಬಾವುಟ, ಗಿಡ್ಡನೆಯವನಿಗೆ ನೀರಿನ ಕೊಡ. ಶೂ ವಿಷಯದಲ್ಲಿ ಮಾತ್ರ ದೇವರು ದಯಾಳು: ಸೀಮೆಸುಣ್ಣ ಅರೆದು ಬಳಿದರೆ ಅಣ್ಣನ ಹಳೇ ಶೂ ಕೂಡ ಹೊಸದೇ. ಶ್ರಾವಣದ ಒಂದು ಜಿಟಿಜಿಟಿ ಮಳೆ ಬಂದರೆ ಅಷ್ಟೂ ಬಣ್ಣ ಬಯಲು.

ಇನ್ನು ಭಾಷೆ. ಮನೆಯಲ್ಲಿ ಕನ್ನಡ, ಪಾಠ ತೆಲುಗು, ಪೇಟೆಯಲ್ಲಿ ದಖನಿ ಉರ್ದು. ಕವಾಯತಿ ಮಾತ್ರ ಎನ್‌ಸಿಸಿ ಹಿಂದಿಯಲ್ಲಿ. “ಬಾಯೆ ಮುಡ್” ಅಂದರೆ ಅರ್ಧ ಸಾಲು ರಾಯಚೂರಿನ ಕಡೆ ತಿರುಗುತ್ತದೆ, ಇನ್ನರ್ಧ ಹೈದರಾಬಾದಿನ ಕಡೆ. ಮಕ್ಕಳನ್ನು ಬೈಯಬೇಡಿ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ದೊಡ್ಡವರು ತಿರುಗಿದ್ದೂ ಹಾಗೆಯೇ. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಬಲಕ್ಕೆ ಹೊರಳಿ ಆಂಧ್ರ ಸೇರಿದವು. ಉಳಿದ ರಾಯಚೂರು ಎಡಕ್ಕೆ ಹೊರಳಿ ಮೈಸೂರು ಸೇರಿತು. ನಾರಾಯಣಪೇಟೆ, ಮಕ್ತಲ್ ಮಹಬೂಬ್‌ನಗರದ ಸಾಲಿನಲ್ಲಿ ನಿಂತಲ್ಲೇ ಹೆಜ್ಜೆ ಹಾಕುವ ಕದಂ ತಾಲ್ ಮಾಡುತ್ತಾ ಉಳಿದು, 2019ರಲ್ಲಿ ಬೇರೆ ಜಿಲ್ಲೆಯಾದವು.

ಸೆಪ್ಟೆಂಬರ್ 17ರದ್ದು ಇನ್ನೊಂದು ಮಜಾ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ನೆನಪಿಗೆ, ಮಕ್ತಲಿನಿಂದ ಹೊಳೆ ದಾಟಿದರೆ ರಾಯಚೂರಿನಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಈಚೆ ದಡದಲ್ಲಿ ಸರ್ಕಾರ ಬದಲಾದ ಹಾಗೆ ದಿನದ ಹೆಸರೂ ಬದಲು. ಬಾವುಟ, ಹಗ್ಗ, ಉಪ್ಪಿಟ್ಟು ಎರಡೂ ಕಡೆ ಅವೇ.

ಹಗ್ಗ ಅಂದೆನಲ್ಲ, ಇಡೀ ಸಮಾರಂಭದ ಮಾನ ಇರುವುದು ಅಲ್ಲೇ. ಬೆಳಗಿನ ಜಾವ ಇಬ್ಬರು ಹುಡುಗಿಯರು ಬಾವುಟ ನೆಲ ಮುಟ್ಟದಂತೆ ಹಿಡಿದು, ಉದ್ದಕ್ಕೆ ಮಡಚಿ, ಒಳಗೆ ಚೆಂಡುಹೂವಿನ ಎಸಳು ಇಟ್ಟು ಸುತ್ತುತ್ತಾರೆ. ಮೇಲೆ ಜಾರುಗಂಟು. ಸಡಿಲವಾದರೆ ಅತಿಥಿ ಬರುವ ಮುಂಚೆಯೇ ಹೂಮಳೆ; ಬಿಗಿಯಾದರೆ ಅತಿಥಿ ಹಗ್ಗ ಜಗ್ಗಿದ್ದೇ ಜಗ್ಗಿದ್ದು, ಬಾವುಟ ಮಿಸುಕದು. ಕೇಸರಿ ಮೇಲಿದೆಯೇ ಎಂದು ಹತ್ತು ಸಲ ನೋಡಿ, ಹನ್ನೊಂದನೆಯ ಸಲ ಇಬ್ಬರಿಗೂ ಅನುಮಾನ. ಎಸಳು ಬೀಳುವುದು ಅತಿಥಿಯ ತಲೆಯ ಮೇಲೆ, ಫೋಟೋ ಅವರದೇ. ಗಂಟು ಹಾಕಿದ ಕೈ ಯಾವ ಪೇಪರಿನಲ್ಲೂ ಬರುವುದಿಲ್ಲ.

ಬಾವುಟಕ್ಕಾಗಿ ಸಾಲು ನಿಲ್ಲುವ ಈ ಚಾಳಿ ಕನ್ನಡಿಗರಿಗೆ ಹಳೆಯದು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಸ್ವಯಂಸೇವಕರ ತಂಡದೊಂದಿಗೆ ಹೋದರು. ಜೈಲಿನ ಹಿಂಸೆಗೂ ಆ ತಂಡ ಬಗ್ಗಲಿಲ್ಲ, ಕ್ಷಮಾಪಣೆ ಬರೆದುಕೊಡಲಿಲ್ಲ. ಅದೇ ವರ್ಷ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕವಾಯತಿ ಅದರ ಉಸಿರಾಯಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಉಮಾಬಾಯಿ ಕುಂದಾಪುರ ಸ್ವಯಂಸೇವಕಿಯರ ಪಡೆಯನ್ನೇ ಕಟ್ಟಿ ನಿಲ್ಲಿಸಿದರು. ಅವರಿಗೆ ಗಣಿತದ ಪಿರಿಯಡ್ ತಪ್ಪಿಸಿಕೊಳ್ಳುವ ಆಸೆ ಇದ್ದಿರಲಾರದು.

ನಮ್ಮ ಹುಡುಗರಿಗೆ ಬ್ರಿಟಿಷರ ಜೈಲಿಲ್ಲ. ಅತಿಥಿಗಳ ಭಾಷಣ ಇದೆ. ಕವಾಯತಿಯಲ್ಲಿ ನಡೆಯುವುದು ಸುಲಭ, ನಿಲ್ಲುವುದು ಕಷ್ಟ. ಇಲ್ಲಿಯೇ ಗಿಡ್ಡನೆಯವನ ಕಾಲ ಬರುತ್ತದೆ. ಬಿಸಿಲೇರಿ, ಮೂರನೆಯ ಸಾಲಿನಲ್ಲೊಬ್ಬ ಉದ್ದನೆಯ ಶೂರ ಕಣ್ಣು ಮೇಲೆ ಮಾಡಿದಾಗ ಓಡಿ ಬಂದು, ಅವನನ್ನು ನೆರಳಿಗೆ ಎಳೆದು ಗ್ಲೂಕೋಸ್ ನೀರು ಕುಡಿಸುವವನು ಅವನೇ. ಅವನಿಗೆ ಯಾರೂ ಹುಕುಂ ಕೊಟ್ಟಿರುವುದಿಲ್ಲ, ಯಾವ ಭಾಷೆಯಲ್ಲೂ.

ಆದ್ದರಿಂದ ನಿಮ್ಮನ್ನು ಯಾರಾದರೂ ಧ್ವಜಾರೋಹಣಕ್ಕೆ ಕರೆದರೆ ಅಗತ್ಯವಾಗಿ ಹೋಗಿ, ಹಗ್ಗ ಮೆಲ್ಲಗೆ ಎಳೆಯಿರಿ. ಭಾಷಣಕ್ಕೆ ಮೊದಲು ಮಕ್ಕಳಿಗೆ “ವಿಶ್ರಾಮ್” ಹೇಳಿಸಿ. ದೇಶದ ಬಗ್ಗೆ ಐದು ನಿಮಿಷದಲ್ಲಿ ಹೇಳಲಾಗದ್ದು ಐವತ್ತು ನಿಮಿಷದಲ್ಲೂ ಬಾರದು. ಕೊಡದ ನೀರು ಮಾತ್ರ ಖಾಲಿಯಾಗುತ್ತದೆ.