ಗುಹಾಸುರನೂ ವಾರ್ಷಿಕ ಚಂದಾವೂ

2023ರ ಸೆಪ್ಟೆಂಬರ್ 13ರಂದು ಜೆಟ್‌ಬ್ರೇನ್ಸ್ ಎಂಬ ಕಂಪನಿ ರಸ್ಟ್ ಭಾಷೆಗೆಂದೇ ಒಂದು ಹೊಸ ಐಡಿಇ ತರುತ್ತಿದ್ದೇವೆಂದು ಡಂಗುರ ಸಾರಿತು. ಹೆಸರು ರಸ್ಟ್‌ರೋವರ್. ಐಡಿಇ ಎಂದರೆ ಪ್ರೋಗ್ರಾಂ ಬರೆಯುವವರು ದಿನವಿಡೀ ಕೂತೇಳುವ ಜಾಗ. ತಪ್ಪು ಬರೆದರೆ ಅಡಿಯಲ್ಲಿ ಕೆಂಪು ಗೆರೆ ಎಳೆಯುತ್ತದೆ, ಅರ್ಧ ಬರೆದು ಯೋಚಿಸುತ್ತ ಕೂತರೆ ಉಳಿದರ್ಧವನ್ನು ಅದೇ ತುಂಬಿಕೊಡುತ್ತದೆ. ಭಾಷೆಯ ಭಕ್ತರು ಇಂಥದ್ದೊಂದು ಬೇಕೆಂದು ವರ್ಷಗಟ್ಟಲೆ ದುಂಬಾಲು ಬಿದ್ದಿದ್ದರು. ಕೊಟ್ಟ ದಿನವೇ ಬೈಗುಳ ಶುರುವಾಯಿತು.

ಬೈಯಲು ಕಾರಣವೂ ಇತ್ತೆನ್ನಿ. ಅಲ್ಲಿಯವರೆಗೆ ಅದೇ ಕಂಪನಿ ರಸ್ಟ್‌ಗಾಗಿ ಒಂದು ಪ್ಲಗಿನ್ ಇಟ್ಟಿತ್ತು. ಬಿಟ್ಟಿ, ಮೇಲಾಗಿ ಓಪನ್ ಸೋರ್ಸ್. ಅದಕ್ಕೆ ಇನ್ನು ಮುಂದೆ ಹೊಸದೇನೂ ಸೇರುವುದಿಲ್ಲ, ಹೊಸದೆಲ್ಲ ರಸ್ಟ್‌ರೋವರ್‌ಗೆ, ರಸ್ಟ್‌ರೋವರ್‌ಗೆ ಮುಂದೆ ದುಡ್ಡು ಎಂದು ಕಂಪನಿ ಬಹಳ ವಿನಯದಿಂದ ತಿಳಿಸಿತು. ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವಾಗ ‘ನಿಮಗೊಂದು ಸಿಹಿ ಸುದ್ದಿ’ ಎಂದು ಶುರುಮಾಡುವ ಕಲೆ ಹಿಂದೆ ಸರ್ಕಾರಗಳಿಗೆ ಮಾತ್ರ ಗೊತ್ತಿತ್ತು.

ಸುದ್ದಿ ದಾವಣಗೆರೆ ವಿದ್ಯಾನಗರದ ಒಂದು ಮನೆಯ ಮಹಡಿಗೂ ಬಂದು ಬಡಿಯಿತು. ಅಲ್ಲೊಬ್ಬ ಹುಡುಗ ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದವನು ಇನ್ನೂ ವಾಪಸು ಹೋಗಿಲ್ಲ. ಅವನ ಸಂಬಳ ಬರುವುದು ಜಾವಾದಿಂದ. ಅದೂ 2014ರಲ್ಲಿ ಬಂದ ಜಾವಾ 8. ಅವನ ಕಂಪನಿಗೆ ಅದರಿಂದ ಮುಂದಕ್ಕೆ ಹೋಗಲು ಧೈರ್ಯವಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಸಿಕ್ಕವನು ಕೆಂಡವಾಗಿದ್ದ.

‘ಇದು ಕಮ್ಯುನಿಟಿಗೆ ಮಾಡಿದ ದ್ರೋಹ, ಅಂಕಲ್.’

‘ನೀನು ರಸ್ಟ್‌ನಾಗೆ ಎಷ್ಟು ಬರ್ದೀಯಪ್ಪ?’

‘ಬರೀಬೇಕು ಅಂತಿದ್ದೆ. ಅಷ್ಟ್ರಾಗೆ ಹಿಂಗ್ ಮಾಡಿದ್ರು.’

ಅವನ ಮುಂದೆ ಓಪನ್ ದೋಸೆ ಇತ್ತು. ಓಪನ್ ಅಂದ ಮಾತ್ರಕ್ಕೆ ಅದರ ಮೇಲಿನ ಬೆಣ್ಣೆ ಬಿಟ್ಟಿ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಬಿಲ್ಲು ಮಾತ್ರ ನಾನೇ ಕೊಟ್ಟೆ.

ಇಂಥ ಘೋಷಣೆ ಎಲ್ಲಿ ಬಂದರೂ ಮಾತಾಡುವವರ ಮೇಳ ಒಂದೇ. ‘ಐದು ವರ್ಷ ತಡ’ ಎನ್ನುವವನು ಮೊದಲು ಬರುತ್ತಾನೆ, ‘ಇಷ್ಟು ಬೇಗ ಏನವಸರವಿತ್ತು’ ಎನ್ನುವವನು ಅವನ ಹಿಂದೆಯೇ. ಕರೆಯದಿದ್ದರೂ ತಪ್ಪದೆ ಬರುವವನು ವಿಮ್ ಬಳಸುವವನು. ಅದು 1991ರ ಎಡಿಟರ್. ಒಳಗೆ ಹೋದ ಎಷ್ಟೋ ಜನ ಹೊರಬರುವ ಕೀಲಿ ಯಾವುದೆಂದು ತಿಳಿಯದೆ ಅಲ್ಲೇ ಸಂಸಾರ ಹೂಡಿದ್ದಾರೆ. ಅವನಿಗೆ ಯಾವ ಸೌಕರ್ಯವೂ ಬೇಡ, ಬೇರೆಯವರಿಗೆ ಸೌಕರ್ಯ ಸಿಕ್ಕಿತಲ್ಲ ಎಂಬುದೇ ಸಂಕಟ. ಮೇಳದ ಕೊನೆಯಲ್ಲಿ ಒಂದು ಮಾತೂ ಆಡದೆ ನಿಂತವನೊಬ್ಬನಿರುತ್ತಾನೆ, ಅವನೇ ಜಾಣ. ಆ ಸಂಜೆಯೇ ತನ್ನ ರೆಸ್ಯೂಮೆಗೆ ರಸ್ಟ್‌ರೋವರ್ ಸೇರಿಸಿರುತ್ತಾನೆ. ಅವನನ್ನು ಕೆಲಸಕ್ಕೆ ಕರೆಯುವವರೂ ಕಡಿಮೆಯವರಲ್ಲ. 2020ರಲ್ಲಿ ಒಂದು ಕಂಪನಿ ಫಾಸ್ಟ್‌ಎಪಿಐ ಎಂಬ ಸಲಕರಣೆಯಲ್ಲಿ ನಾಲ್ಕು ವರ್ಷ ಅನುಭವ ಬೇಕೆಂದು ಕೇಳಿತ್ತು. ಅದನ್ನು ಸೃಷ್ಟಿಸಿದ ಸೆಬಾಸ್ಟಿಯನ್ ರಮಿರೆಸ್ ತನಗೆ ಅರ್ಜಿ ಹಾಕುವ ಯೋಗ್ಯತೆಯೂ ಇಲ್ಲವೆಂದ. ಅವನು ಅದನ್ನು ಮಾಡಿ ಒಂದೂವರೆ ವರ್ಷವಾಗಿತ್ತಷ್ಟೆ.

ಚಪ್ಪಾಳೆಯೇ ಬೀಳುವುದಿಲ್ಲ ಎಂದೇನಲ್ಲ. 2017ರ ಮೇ 17ರಂದು ಗೂಗಲ್ ತನ್ನ ವಾರ್ಷಿಕ ಸಮಾವೇಶದಲ್ಲಿ ಆಂಡ್ರಾಯ್ಡ್‌ಗೆ ಕೋಟ್ಲಿನ್ ಭಾಷೆಯೂ ಸಲ್ಲುತ್ತದೆ ಎಂದಾಗ ಸಭೆ ಎದ್ದು ಕೂಗಿತ್ತು. ಆ ಕೋಟ್ಲಿನ್ನೂ ಇದೇ ಜೆಟ್‌ಬ್ರೇನ್ಸ್‌ನ ಕೂಸು. 2011ರಲ್ಲಿ ಸುದ್ದಿಯಾಗಿ, 2016ರಲ್ಲಿ ಮೊದಲ ಆವೃತ್ತಿ ಕಂಡಿತು. ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒಂದು ದ್ವೀಪದ ಹೆಸರು ಅದಕ್ಕೆ. ಮುಂದೆ ಗೋ ಭಾಷೆಗೆ ಐಡಿಇ ಮಾಡಿದಾಗಲೂ ಹತ್ತಿರದ ಇನ್ನೊಂದು ದ್ವೀಪ ಹುಡುಕಿ ‘ಗೋಗ್‌ಲ್ಯಾಂಡ್’ ಎಂದಿಟ್ಟರು. ಬಳಸಬೇಕಾದವರು ಒಳಗೇನಿದೆ ಎಂದು ನೋಡುವ ಮೊದಲು ಹೆಸರು ಚೆನ್ನಾಗಿಲ್ಲವೆಂದು ರಂಪ ಮಾಡಿದರು. ಕಂಪನಿ ಕೊನೆಗೆ ‘ಗೋಲ್ಯಾಂಡ್’ ಮಾಡಿತು. ನಾಮಕರಣಕ್ಕೆ ಬಂದ ನೆಂಟರು ಮಗುವಿನ ಮುಖ ನೋಡದೆ ಹೆಸರಿಗೆ ಜಗಳ ತೆಗೆದ ಹಾಗೆ.

ಇಷ್ಟೆಲ್ಲ ಗದ್ದಲ ನಡೆಯುವಾಗ ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಏನು ಮಾಡುತ್ತಿದ್ದವು? ದಾವಣಗೆರೆಗೆ ಇಂಜಿನಿಯರುಗಳೇನು ಹೊಸಬರಲ್ಲ. 1951ರಿಂದ ಬಿಡಿಟಿ ಇದೆ, 1979ರಿಂದ ಬಾಪೂಜಿ ಇದೆ. ಆಮೇಲಿನವು ಬೇರೆ. ಆದರೆ ಕರ್ನಾಟಕದಲ್ಲಿ ಎಷ್ಟೋ ವರ್ಷ ಒಂದು ಪೀಳಿಗೆಗೆ ಪ್ರೋಗ್ರಾಮಿಂಗ್ ಎಂದರೆ ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ. ಯಾವ ಕಾಲೇಜಿನಲ್ಲಿ ಎಂದು ಕೇಳಬೇಡಿ, ಯಾವುದರಲ್ಲಿ ಇರಲಿಲ್ಲ ಎಂದು ಕೇಳುವುದು ಸುಲಭ. ಬೋರ್ಲ್ಯಾಂಡ್ ಕಂಪನಿ ಅದನ್ನು ತಂದದ್ದು 1990ರಲ್ಲಿ. ಈಗಿನ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದಿಲ್ಲ, ಡಾಸ್‌ಬಾಕ್ಸ್ ಎಂಬ ಗೂಡಿನೊಳಗೆ ಕೂರಿಸಿ ಓಡಿಸಬೇಕು. ಮೊದಲ ಸಾಲು ಕಾನಿಯೋ ಡಾಟ್ ಎಚ್, ಆಮೇಲೆ ವಾಯ್ಡ್ ಮೇನ್, ಪರದೆ ತೊಳೆಯಲು ಕ್ಲಿಯರ್ ಸ್ಕ್ರೀನ್, ಕೊನೆಗೆ ಗೆಟ್ ಸಿಎಚ್. ಗೆಟ್ ಸಿಎಚ್ ಯಾಕೆ ಬೇಕೆಂದು ಲ್ಯಾಬಿನಲ್ಲಿ ಯಾರೂ ಕೇಳುವುದಿಲ್ಲ, ಅದಿಲ್ಲದೆ ಮುಗಿಸಬಾರದು ಎಂಬುದು ಪದ್ಧತಿ. 1998ರಲ್ಲೇ ಸಿ ಪ್ಲಸ್ ಪ್ಲಸ್‌ಗೆ ಅಂತರರಾಷ್ಟ್ರೀಯ ಮಾನಕ ಬಂತು. ಅದರ ಪ್ರಕಾರ ವಾಯ್ಡ್ ಮೇನ್ ತಪ್ಪು. ಮಾನಕ ಸಮಿತಿಗೆ ನಮ್ಮ ಎಕ್ಸ್‌ಟರ್ನಲ್ ಎಕ್ಸಾಮಿನರ್‌ರ ಪರಿಚಯವಿಲ್ಲದ್ದರಿಂದ ಹಾಗಾಯಿತು. ಇಂಟ್ ಮೇನ್ ಎಂದು ಸರಿಯಾಗಿ ಬರೆದು ಅಂಕ ಕಳೆದುಕೊಂಡವರು ಇಂದು ಬೆಂಗಳೂರಿನಲ್ಲಿ ಟೀಮ್ ಲೀಡ್‌ಗಳಾಗಿ, ಯಾವ ಭಾಷೆಗೆ ಯಾರು ಬೆಂಬಲ ಕೊಟ್ಟರೂ ಮೊದಲು ಸಿಡಿಮಿಡಿಗೊಳ್ಳುತ್ತಾರೆ. ಅವರದು ಹಳೇ ಗಾಯ, ಪಾಪ.

ಇನ್ನು ಹರಿಹರ. ದಾವಣಗೆರೆಯಿಂದ ಪಿ.ಬಿ. ರಸ್ತೆ ಹಿಡಿದು ಹೋದರೆ ಅರ್ಧ ಗಂಟೆಯಲ್ಲಿ ಸಿಗುವ ಊರು. ಸಲಕರಣೆ ತಯಾರಿಸುವ ಕಂಪನಿ ಎಂದರೇನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಇಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕಳಿಸಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರುಗಳನ್ನು ಐಟಿಐ ಓದಿದ ಹಳಬರ ಮುಂದೆ ಹೇಳಿ ನೋಡಿ, ಕಣ್ಣು ಅರಳುತ್ತದೆ. ಕಂಪನಿ ಸೊರಗಿ ಬಾಗಿಲು ಹಾಕಿ ಎರಡು ದಶಕದ ಮೇಲಾಯಿತು. ಸಾವಿರಾರು ಸಂಸಾರ ಅನ್ನ ಉಂಡ ಕಾರ್ಖಾನೆ. ಅದು ಮುಚ್ಚಿದಾಗ ಸಮುದಾಯಕ್ಕೆ ದ್ರೋಹ ಎಂದು ಮಹಡಿ ಮೇಲಿಂದ ಕೂಗಿದ ಹುಡುಗರು ಯಾರೂ ಇರಲಿಲ್ಲ. ಕೂಗಿದವರು ಗೇಟಿನ ಮುಂದೆ ನಿಂತಿದ್ದರು, ಅವರ ಕೂಗು ಯಾರ ಪರದೆಯ ಮೇಲೂ ಬರಲಿಲ್ಲ.

ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಟರ್ನ್‌ಮಾಸ್ಟರ್ ಒಂದು ಇನ್ನೂ ತಿರುಗುತ್ತಿದೆ. ಬೆಡ್ಡಿನ ಮೇಲೆ ಕೂಲಂಟು ಬಿದ್ದು ಬಿದ್ದು ಬಣ್ಣ ಹೋಗಿದೆ, ಟೇಲ್‌ಸ್ಟಾಕಿನ ಹಿಡಿಕೆ ಮೂಲದ್ದಲ್ಲ. ವಿದ್ಯಾನಗರದ ಹುಡುಗನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಹುಟ್ಟಿದ ಪ್ರಶ್ನೆ ಸಹಜವಾದದ್ದೇ:

‘ಕಂಪನಿ ಮುಚ್ಚೈತಲ್ಲ, ಇದಕ್ಕೆ ಸಪೋರ್ಟ್ ಯಾರು ಕೊಡ್ತಾರ್ರೀ?’

ಮಾಲೀಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. ‘ಸಪೋರ್ಟಾ? ಬುಷ್ ಸವೆದ್ರೆ ಇದ್ರಾಗೇ ಇದಕ್ಕೊಂದು ಬುಷ್ ತಿರುವಿ ಹಾಕ್ತೀವಪ್ಪ.’

ಹುಡುಗನಿಗೆ ರೋಮಾಂಚನ. ರಸ್ಟ್ ಕಂಪೈಲರನ್ನೂ ರಸ್ಟ್‌ನಲ್ಲೇ ಬರೆದಿದ್ದಾರೆ, ಮೊದಲು ಓಕ್ಯಾಮಲ್‌ನಲ್ಲಿತ್ತು, ಆಮೇಲೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಮಟ್ಟಕ್ಕೆ ಬಂತು, ಇದಕ್ಕೆ ಬೂಟ್‌ಸ್ಟ್ರಾಪಿಂಗ್ ಅಂತಾರೆ ಎಂದು ಹತ್ತು ನಿಮಿಷ ವಿವರಿಸಿದ. ಮಾಲೀಕರು ಚಕ್ಕಿಗೆ ಜಾಬ್ ಕಟ್ಟುತ್ತ, ‘ಹೌದಾ? ಅವರೂ ಹಂಗೇ ಮಾಡ್ತಾರಾ? ಪರವಾಗಿಲ್ಲ’ ಎಂದರು.

ಪಕ್ಕದಲ್ಲೇ ಒಂದು ಸಿಎನ್‌ಸಿ ಯಂತ್ರವೂ ಇತ್ತು. ಅದರ ಭಾಷೆ ಜಿ-ಕೋಡ್. ಎಂ ಜೀರೋ ತ್ರೀ ಎಂದರೆ ಸ್ಪಿಂಡಲ್ ತಿರುಗುತ್ತದೆ, ಜಿ ಜೀರೋ ಒನ್ ಎಂದರೆ ಟೂಲ್ ನೇರ ಗೆರೆಯಲ್ಲಿ ಸಾಗಿ ಲೋಹ ಕತ್ತರಿಸುತ್ತದೆ. ರಸ್ಟ್‌ಗಿಂತ ಎಷ್ಟೋ ಹಳೆಯದು, ನೋಡಲೂ ಲಕ್ಷಣವಿಲ್ಲ, ಅಭಿಮಾನಿ ಸಂಘವಂತೂ ಇಲ್ಲವೇ ಇಲ್ಲ. ಕೆಲವು ಯಂತ್ರಗಳಲ್ಲಿ ಎಕ್ಸ್ 50 ಎಂದು ಹೊಡೆದು ಮುಂದೊಂದು ಚುಕ್ಕಿ ಮರೆತರೆ ಐವತ್ತು ಮಿಲಿಮೀಟರು ಅದರ ಸಾವಿರದಲ್ಲೊಂದು ಪಾಲಾಗುತ್ತದೆ. ಟೂಲು ಹೋಗಿ ಜಾಬಿಗೆ ಗುದ್ದುತ್ತದೆ, ಇನ್ಸರ್ಟು ಚೂರಾಗುತ್ತದೆ, ಆಪರೇಟರನ ಆ ದಿನದ ಮರ್ಯಾದೆಯೂ. ಆಪರೇಟರ್ ಹುಡುಗನನ್ನು ನಿನಗೆ ಯಾವ ಭಾಷೆ ಇಷ್ಟ ಎಂದು ಕೇಳಿದೆ. ಪ್ರಶ್ನೆ ಅರ್ಥವಾಗದೆ ‘ಕನ್ನಡ’ ಎಂದ.

ಹರಿಹರಕ್ಕೆ ಬಂದಮೇಲೆ ದೇವರನ್ನು ನೋಡದೆ ಹೋಗುವುದುಂಟೇ? ಹರಿಹರೇಶ್ವರ ಗುಡಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು, 1224ರ ಹೊತ್ತಿಗೆ. ಒಳಗಿರುವ ಮೂರ್ತಿ ಒಂದೇ, ಬಲಗಡೆ ಹರ, ಎಡಗಡೆ ಹರಿ. ಗುಹಾಸುರನೆಂಬವನು ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದು ಮೆರೆಯುತ್ತಿದ್ದ. ಇಬ್ಬರೂ ಒಂದೇ ಮೈಯಾಗಿ ಬಂದು ವರದ ಸಂದಿನಲ್ಲಿ ನುಸುಳಿ ಅವನನ್ನು ಮುಗಿಸಿದರು. ಶೈವರೂ ವೈಷ್ಣವರೂ ತಲೆ ತಲೆ ಚಚ್ಚಿಕೊಳ್ಳುತ್ತಿದ್ದ ನಾಡಿನಲ್ಲಿ ಇಂಥ ಗುಡಿ ಎದ್ದದ್ದು ಸಣ್ಣ ಮಾತಲ್ಲ.

ಜಾವಾದವರನ್ನೂ ಕೋಟ್ಲಿನ್‌ನವರನ್ನೂ, ಸಿ ಪ್ಲಸ್ ಪ್ಲಸ್‌ನವರನ್ನೂ ರಸ್ಟ್‌ನವರನ್ನೂ ಹೀಗೆ ಒಂದೇ ಮೈಯಾಗಿಸಿದ ಅಸುರನೂ ಒಬ್ಬನಿದ್ದ. 2015ರ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಂಡ ಅವನ ಹೆಸರು ವಾರ್ಷಿಕ ಚಂದಾ. ಒಮ್ಮೆ ಕೊಂಡರೆ ಕೊಂಡದ್ದೇ ಎಂಬ ಪದ್ಧತಿ ಬಿಟ್ಟು ಇನ್ನು ಮೇಲೆ ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಎಂದು ಜೆಟ್‌ಬ್ರೇನ್ಸ್ ಹೇಳಿದ್ದೇ ತಡ, ಅಲ್ಲಿಯವರೆಗೆ ಸೆಮಿಕೋಲನ್ ಬೇಕೋ ಬೇಡವೋ ಎಂದು ಕಚ್ಚಾಡುತ್ತಿದ್ದವರೆಲ್ಲ ಒಂದೇ ಕೊರಳಿನಲ್ಲಿ ಕಿರುಚಿದರು. ಕಂಪನಿ ಬೆದರಿ, ವರ್ಷ ಪೂರ್ತಿ ಕಟ್ಟಿದವರು ಚಂದಾ ನಿಲ್ಲಿಸಿದರೂ ಹಳೆಯ ಆವೃತ್ತಿಯೊಂದನ್ನು ಕೊನೆತನಕ ಇಟ್ಟುಕೊಳ್ಳಬಹುದು ಎಂದು ತಿದ್ದಿಕೊಂಡಿತು. ಅಸುರ ಸಾಯಲಿಲ್ಲ, ವರ ಬದಲಾಯಿತು. ಸಿದ್ಧಾಂತದ ಪ್ರಶ್ನೆಗಳಲ್ಲಿ ಒಂದಾಗದ ಈ ಜನ ಬಿಲ್ಲಿನ ಪ್ರಶ್ನೆಯಲ್ಲಿ ಒಂದಾದರು. ಹಾಗಾದರೆ ಭಾಷೆಯ ಮೇಲಿನ ಪ್ರೇಮವೆಲ್ಲ ಎಲ್ಲಿಯವರೆಗಿತ್ತು ಎಂದು ಅವರ ಕ್ರೆಡಿಟ್ ಕಾರ್ಡನ್ನೇ ಕೇಳಬೇಕು.

ಆ ಮಹಾಶಯರಿಗೆ ಈಚೆಗೆ ಇನ್ನೊಂದು ಹಬ್ಬ ಬಂದಿತ್ತು. 2025ರ ಮಾರ್ಚ್‌ನಲ್ಲಿ ಆಂಡರ್ಸ್ ಹೈಲ್ಸ್‌ಬರ್ಗ್ ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಗೋ ಭಾಷೆಗೆ ತಿರುಗಿಸುತ್ತಿದ್ದೇವೆ, ಹತ್ತು ಪಟ್ಟು ವೇಗ ಬರುತ್ತದೆ ಎಂದ. ಈತನ ಜಾತಕ ನೋಡಿ: 1983ರಲ್ಲಿ ಬೋರ್ಲ್ಯಾಂಡ್‌ಗೆ ಟರ್ಬೋ ಪ್ಯಾಸ್ಕಲ್ ಕೊಟ್ಟವನು, ಆಮೇಲೆ ಡೆಲ್ಫಿ, ಮೈಕ್ರೋಸಾಫ್ಟ್‌ಗೆ ಹೋಗಿ ಸಿ ಶಾರ್ಪ್, 2012ರಲ್ಲಿ ಟೈಪ್‌ಸ್ಕ್ರಿಪ್ಟ್. ನಮ್ಮ ಲ್ಯಾಬುಗಳ ನೀಲಿ ಪರದೆಯ ಹಿರಿಯಣ್ಣನನ್ನು ಹುಟ್ಟಿಸಿದವನೇ ಅವನು. ನಾಲ್ಕು ದಶಕ ಇದನ್ನೇ ಮಾಡಿದವನಿಗೆ ಜಗತ್ತಿನ ಪಡ್ಡೆ ಹುಡುಗರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ರಸ್ಟ್ ಯಾಕಲ್ಲ? ನೀನೇ ಹೆತ್ತ ಸಿ ಶಾರ್ಪ್ ಯಾಕೆ ಬೇಡವಾಯಿತು ಎಂದು ಸಿ ಶಾರ್ಪ್‌ನವರು ಬೇರೆ ಸೊಸೆಗೆ ಒಡವೆ ಕೊಟ್ಟ ಮಾವನನ್ನು ಕೇಳುವಂತೆ ಕೇಳಿದರು. ಹಳೆಯ ಕೋಡಿನ ಕಟ್ಟು ಗೋಗೆ ಸುಲಭವಾಗಿ ಹೊಂದುತ್ತದೆ ಎಂದು ಅವನು ವಿವರಿಸಿದ. ವಿವರಣೆ ಯಾರಿಗೂ ಬೇಕಿರಲಿಲ್ಲ.

ವಿದ್ಯಾನಗರದ ಹುಡುಗ ಮಾತ್ರ ಕೊನೆಗೂ ರಸ್ಟ್ ಕಲಿತ, ಅವನಿಗೆ ಕೆಲಸವೂ ಸಿಕ್ಕಿತು. ಎಪಿಎಂಸಿ ಯಾರ್ಡಿನ ದಲ್ಲಾಳಿಯೊಬ್ಬರಿಗೆ ಮೆಕ್ಕೆಜೋಳದ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ. ಹತ್ತು ಸಾಲಿನ ಕೆಲಸಕ್ಕೆ ರಸ್ಟ್ ಯಾಕಪ್ಪ ಎಂದರೆ ‘ಮೆಮೊರಿ ಸೇಫ್ಟಿ ಅಂಕಲ್’ ಎಂದ. ಒಂದು ವಸ್ತುವಿಗೆ ಒಬ್ಬನೇ ಒಡೆಯ, ಬೇರೆಯವರು ಸಾಲವಾಗಿ ಪಡೆಯಬಹುದು, ತಿದ್ದಲು ಪಡೆದವನೊಬ್ಬ ಇದ್ದರೆ ಆ ಹೊತ್ತಿಗೆ ಇನ್ನೊಬ್ಬರಿಗೆ ಸಾಲ ಹುಟ್ಟುವುದಿಲ್ಲ, ಕಂಪೈಲರ್ ಮೊದಲೇ ಹಿಡಿಯುತ್ತದೆ ಎಂದು ದಲ್ಲಾಳಿಗೂ ಬಿಡಿಸಿ ಹೇಳಿದ.

ದಲ್ಲಾಳಿ ಕನ್ನಡಕ ತೆಗೆದರು. ‘ಒಂದೇ ಹೊಲದ ಮೇಲೆ ನನ್ ಹತ್ರನೂ ತಗಂಡು, ಬ್ಯಾಂಕ್ನಾಗೂ ತಗಂಡು, ಮತ್ತೊಬ್ಬನ ಹತ್ರನೂ ತಗಂಡೋರು ಅದಾರೆ. ಅದನ್ನ ಹಿಡೀತದೇನೋ ತಮ್ಮ?’

ಅದು ಮುಂದಿನ ಆವೃತ್ತಿಗೆ ಹೋಯಿತು.

ರಸ್ಟ್‌ರೋವರ್ 2024ರ ಮೇ ತಿಂಗಳಲ್ಲಿ ಪೂರ್ಣವಾಗಿ ಬಿಡುಗಡೆಯಾದಾಗ ಕಂಪನಿ ಒಂದು ರಿಯಾಯಿತಿ ಕೊಟ್ಟಿತ್ತು: ವ್ಯಾಪಾರಕ್ಕಲ್ಲದೆ ಬಳಸುವವರಿಗೆ ಬಿಟ್ಟಿ. ಹುಡುಗ ಆ ಪರದೆಯಲ್ಲಿ ‘ನಾನ್-ಕಮರ್ಷಿಯಲ್’ ಎಂಬುದಕ್ಕೆ ಟಿಕ್ ಹಾಕಿಕೊಂಡಿದ್ದಾನೆ. ದಲ್ಲಾಳಿ ಅಂಗಡಿಯ ಕೆಲಸಕ್ಕೆ ಹಾಗೆ ಹಾಕುವುದು ಸರಿಯೇನಪ್ಪ ಎಂದು ಕೇಳಿದೆ.

‘ಇನ್ನೂ ಅವ್ರು ದುಡ್ಡೇ ಕೊಟ್ಟಿಲ್ಲ ಅಂಕಲ್’ ಎಂದ.