ಲಿಟರಲಿ ಸತ್ತವರು

ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ಆಫೀಸು ಮುಟ್ಟಿದವರು “ಟ್ರಾಫಿಕ್‌ನಲ್ಲಿ ಲಿಟರಲಿ ಸತ್ತೇ ಹೋದೆ ಕಣ್ರೀ” ಅನ್ನುತ್ತಾರೆ. ಅಂದವರೇ ಕಾಫಿ ಮೆಷಿನ್ನಿನ ಮುಂದೆ ನಿಂತು, ಸಕ್ಕರೆ ಸಾಲದೆಂದು ಗೊಣಗುತ್ತಾರೆ. ಕೇಳಿದವರು ಸಂತಾಪ ಸೂಚಿಸುವುದಿಲ್ಲ. “ನಾನೂ ಅಷ್ಟೇ” ಎಂದು ತಾವೂ ಸಾಯುತ್ತಾರೆ.

ಹುಟ್ಟಿನಿಂದ ಈ ‘ಲಿಟರಲಿ’ ಪದ ಬಲು ಶಿಸ್ತಿನ ಆಸಾಮಿ. ಇದ್ದದ್ದನ್ನು ಇದ್ದಂತೆಯೇ, ಅಕ್ಷರಶಃ ಹೇಳಿಸುವುದೇ ಅದರ ಕೆಲಸ. ಈಗ ಊರಿನ ಬಡಾಯಿಗೆಲ್ಲ ಅದೇ ಜಾಮೀನು.

2013ರಲ್ಲಿ ಆಕ್ಸ್‌ಫರ್ಡ್ ನಿಘಂಟು ಈ ಬಡಾಯಿ ಅರ್ಥವನ್ನೂ ಸೇರಿಸಿಕೊಂಡಿದೆ ಎಂಬ ಸುದ್ದಿ ಹಬ್ಬಿತು. ಭಾಷೆಯ ಮಡಿವಂತರು ಇಂಗ್ಲಿಷಿನ ತಿಥಿಗೇ ಸಿದ್ಧರಾದರು. ಸೇರಿಸಿದ್ದು 2011ರಲ್ಲೇ, ಸುದ್ದಿ ಹಬ್ಬುವವರೆಗೆ ಪಾಪ, ಪುಟ ತಿರುವಿದವರಿರಲಿಲ್ಲ!

ಬಳಕೆಯಂತೂ ಇನ್ನೂ ಹಳೆಯದು. ಫ್ರಾನ್ಸಿಸ್ ಬ್ರೂಕ್ ಎಂಬಾಕೆಯ 1769ರ ಕಾದಂಬರಿಯಲ್ಲೇ ಅದು ಸಿಗುತ್ತದೆ. 1876ರಲ್ಲಿ ಮಾರ್ಕ್ ಟ್ವೇನ್ ಇದೇ ಪದ ಹಚ್ಚಿ ತನ್ನ ಕಥಾನಾಯಕ ಟಾಮ್ ಸಾಯರ್‌ನನ್ನು ಐಶ್ವರ್ಯದಲ್ಲಿ ಹೊರಳಾಡಿಸಿದ. ಹುಡುಗನ ಐಶ್ವರ್ಯವೋ, ಹನ್ನೆರಡು ಗೋಲಿ, ಒಕ್ಕಣ್ಣಿನ ಬೆಕ್ಕಿನ ಮರಿ, ನಾಯಿಯೇ ಇಲ್ಲದ ನಾಯಿಪಟ್ಟಿ ಮುಂತಾದವು. ಅದರ ಮೇಲೆ ನಿಜಕ್ಕೂ ಹೊರಳಿದ್ದರೆ ಗೋಲಿ ಬೆನ್ನಿಗೆ ಒತ್ತುತ್ತಿದ್ದವು. ಬೆಕ್ಕಂತೂ ಪರಚದೆ ಬಿಡುತ್ತಿರಲಿಲ್ಲ.