ಮೂವತ್ತೆರಡು ಕೂಡಿಸುವವರು

ಮಧ್ಯಮವರ್ಗದ ಮನೆಗಳಲ್ಲಿ, ಅದರಲ್ಲೂ ನಿವೃತ್ತಿಯಾದ ಮೇಲೆ, ಢಾಳಾಗಿ ಕಾಣಿಸಿಕೊಳ್ಳುವ ಉಷ್ಣಾಂಶ ಪರಿವರ್ತಕನೆಂಬ ಗೃಹಸ್ಥನು, ಒಂದು ಮಾಪನದಲ್ಲಿ ಹೇಳಿದ ಬಿಸಿಯನ್ನು ಇನ್ನೊಂದಕ್ಕೆ ತಿರುಗಿಸಿ ನೋಡದೆ ನಂಬುವವನಲ್ಲ. ಈ ಪ್ರಭೇದಕ್ಕೆ ದೇಶದ ರೂಢಿಯೇ ಗೊಬ್ಬರ ಹಾಕಿದೆ; ಹವಾಮಾನ ಇಲಾಖೆಯು ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಅಳೆದರೆ, ಮನೆಮಂದಿ ಜ್ವರವನ್ನು ಇಂದಿಗೂ ಫ್ಯಾರನ್‌ಹೀಟ್‌ನಲ್ಲಿಯೇ ಎಣಿಸುವುದರಿಂದ, ರಾಯಚೂರಿನ ಬಿಸಿಲು 40 ಆದರೆ ಗಾಬರಿ, ಮೊಮ್ಮಗನ ಮೈ 98.6 ಇದ್ದರೆ ನೆಮ್ಮದಿ ಎಂಬ ಸ್ಥಿತಿ ಒಂದೇ ಸೂರಿನಡಿ ನೆಲೆಸಿದೆ.

ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳ ನಡುವಿನ ಅಂತರವನ್ನು ಸೆಲ್ಸಿಯಸ್ ಮಾಪನವು 100 ಭಾಗ ಮಾಡಿದರೆ, ಫ್ಯಾರನ್‌ಹೀಟ್ ಮಾಪನವು 32ರಿಂದ 212ರವರೆಗೆ 180 ಭಾಗ ಮಾಡುತ್ತದೆ. ಆದುದರಿಂದ ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಬೇಕೆಂಬುದು ಸೂತ್ರ. ಇದನ್ನು ಬಾಡಿಗೆ ಕೊಡಲು ಬಂದವರಿಗೂ ವಿವರಿಸುವ ಪರಿವರ್ತಕನು, ಸ್ವೀಡನ್ನಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಕುದಿಯುವ ನೀರಿಗೆ 0 ಎಂದೂ ಹೆಪ್ಪುಗಟ್ಟುವ ನೀರಿಗೆ 100 ಎಂದೂ ಗುರುತಿಸಿದ್ದನು, ಅದನ್ನು ತಲೆಕೆಳಗು ಮಾಡಿದವರು ಆಮೇಲಿನವರು ಎಂಬುದನ್ನೂ ಹೇಳಿ ಮುಗಿಸುವಷ್ಟರಲ್ಲಿ, ಎದುರಿಗಿರುವವರ ಕಾಫಿ ಎರಡೂ ಮಾಪನಗಳಲ್ಲಿ ಆರಿರುತ್ತದೆ.

ಇವನ ಪ್ರತಿಭೆಯ ನಿಜವಾದ ಪರೀಕ್ಷೆ ನಡೆಯುವುದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ. ಡಿಜಿಟಲ್ ಥರ್ಮಾಮೀಟರಿನ ಗುಂಡಿ ಅಕಸ್ಮಾತ್ ಒತ್ತಿಹೋಗಿ ಅದು 38.9 ಎಂದು ತೋರಿಸಿದೊಡನೆ, ಇವನು ಕ್ಯಾಲೆಂಡರಿನ ಅಂಚಿನಲ್ಲಿ ಗುಣಾಕಾರಕ್ಕೆ ತೊಡಗುತ್ತಾನೆ. "ರೀ, ಹಣೆ ಸುಡ್ತಾ ಇದೆ, ಲೆಕ್ಕ ಆಮೇಲೆ ಮಾಡಿ" ಎಂದು ಹೆಂಡತಿ ಹೇಳಿ, ಒದ್ದೆಬಟ್ಟೆಯನ್ನು ಎರಡು ಬಾರಿ ಬದಲಿಸಿ, ಡಾಕ್ಟರಿಗೆ ಫೋನನ್ನೂ ಮಾಡಿ ಮುಗಿಸಿದ ಮೇಲೆ, ಜ್ವರವು 102.02 ಇದೆಯೆಂಬ ಘೋಷಣೆ ಹೊರಬೀಳುತ್ತದೆ. ಆ ಕೊನೆಯ ಎರಡು ದಶಮಾಂಶಗಳನ್ನು ಕೈಬಿಡಲು ಅವನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಇಷ್ಟೊಂದು ಪಾರಂಗತನಾದವನು ಎಡವುವುದು ಏರಿಳಿತದ ಲೆಕ್ಕದಲ್ಲಿ. 32 ಎಂಬುದು ಎರಡು ಮಾಪನಗಳ ಸೊನ್ನೆಗಳು ಬೇರೆಬೇರೆ ಕಡೆ ಇರುವುದನ್ನು ಸರಿದೂಗಿಸುವ ಅಂಕಿಯಷ್ಟೆ. ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ವ್ಯತ್ಯಾಸಕ್ಕೆ ಅದನ್ನು ಕೂಡಿಸುವಂತಿಲ್ಲ. ಆದರೂ ನಾಳೆ ಸೆಲ್ಸಿಯಸ್‌ನಲ್ಲಿ 2 ಡಿಗ್ರಿ ಬಿಸಿ ಏರಲಿದೆಯೆಂದು ವಾರ್ತೆಯಲ್ಲಿ ಕೇಳಿದವನೇ, ಫ್ಯಾರನ್‌ಹೀಟ್‌ನಲ್ಲಿ 35.6 ಡಿಗ್ರಿ ಏರಿಕೆಯೆಂದು ಸಾರಿ, ಮನೆಯವರೆಲ್ಲ ಹೊರಗೆ ಕಾಲಿಡದಂತೆ ಕಟ್ಟಪ್ಪಣೆ ಮಾಡುತ್ತಾನೆ. ಏರಿಕೆ ಬರೀ 3.6 ಎಂದು ಮೊಮ್ಮಗ ತಿದ್ದಿದರೆ, ಈಗಿನ ಶಾಲೆಗಳಲ್ಲಿ 32 ಕೂಡಿಸುವುದನ್ನೂ ಹೇಳಿಕೊಡುತ್ತಿಲ್ಲವಲ್ಲ ಎಂದು ದೇಶದ ಭವಿಷ್ಯವನ್ನು ನೆನೆದು ಮರುಗುತ್ತಾನೆ.